ಮೂಕಿ ಟೆಂಟಿನ ತಗಡು ತುತ್ತೂರಿ

ನಾನು ಹುಟ್ಟಿದ್ದು ಸೀಮೆಎಣ್ಣೆ ಡಬ್ಬಿಯಿಂದ. ಹುಬ್ಬಳ್ಳಿಯ ತಗಡಿನ ಕೆಲಸದವನೊಬ್ಬ ನನ್ನನ್ನು ಕತ್ತರಿಸಿ, ಸುತ್ತಿ, ಬೆಸುಗೆ ಹಾಕಿ, ಮಾತನ್ನು ದೂರ ಮುಟ್ಟಿಸುವ ತುತ್ತೂರಿ ಮಾಡಿದ. ಚಿಕ್ಕ ತುದಿ ಬಾಯಿಗೆ, ದೊಡ್ಡ ತುದಿ ಜನರಿಗೆ. ಆಗ ಮೂಕಿ ಚಿತ್ರಗಳ ಕಾಲ. ಪರದೆಯ ಮೇಲೆ ಮನುಷ್ಯರು ತುಟಿ ಆಡಿಸುತ್ತಿದ್ದರೇ ಹೊರತು ಸದ್ದಿಲ್ಲ. ನಡುನಡುವೆ ಇಂಗ್ಲಿಷ್ ಬರಹ ಮೂಡುತ್ತಿತ್ತು. ಅದನ್ನು ಓದಿ ಕನ್ನಡದಲ್ಲಿ ಕಥೆ ಹೇಳಲು ಅಂದಾನಪ್ಪ ಸಾವ್ಕಾರರ ಟೆಂಟಿನಲ್ಲಿ ದತ್ತೋಪಂತನೆಂಬ ತರುಣನಿದ್ದ. ನಾನು ಅವನ ಕೈ ಸೇರಿದೆ.

ಸುಳ್ಳು ಯಾಕೆ ಹೇಳಲಿ, ಅವನು ಬರೆದದ್ದನ್ನು ಬರೆದಂತೆ ಓದಿದವನೇ ಅಲ್ಲ. ಬಿಳಿ ದೊರೆಸಾನಿಗೆ ಗಂಗವ್ವ ಎಂದು ಹೆಸರಿಡುತ್ತಿದ್ದ. ಮುತ್ತು ಕೊಡುವ ದೃಶ್ಯ ಬಂದರೆ, “ಕಿವ್ಯಾಗ ಗುಟ್ಟು ಹೇಳಾಕತ್ತಾಳ್ರೀ” ಎನ್ನುತ್ತಿದ್ದ. ಜನರಿಗೂ ಅದೇ ಬೇಕಿತ್ತು.

ಅವನ ಪಕ್ಕದಲ್ಲಿ ಕೂತು ಹಾರ್ಮೋನಿಯಂ ನುಡಿಸುತ್ತಿದ್ದವನು ಫಕೀರಪ್ಪ. ಇಬ್ಬರೂ ಒಂದೇ ಖೋಲಿಯಲ್ಲಿದ್ದರು. ಒಬ್ಬರಿಗೊಬ್ಬರು ಜೀವ ಬಿಡುತ್ತಿದ್ದರು, ಗಂಡ ಹೆಂಡಿರ ಹಾಗೆಯೇ. ದತ್ತೋಪಂತನ ಉಸಿರು ನನ್ನೊಳಗೇ ಹಾಯುತ್ತಿತ್ತು, ನನಗೆ ತಿಳಿಯದೆ ಇದ್ದೀತೆ? ಆದರೆ ಓಣಿಯವರಿಗೂ ತಿಳಿದುಹೋಯಿತು. ಮನೆಯ ಮಾಲೀಕ ಖೋಲಿ ಬಿಡಿಸಿದ. ಬಾವಿಯಲ್ಲಿ ನೀರು ಸೇದಲು ಬಿಡಲಿಲ್ಲ. ಇಬ್ಬರೂ ಟೆಂಟಿನಲ್ಲೇ ಮಲಗತೊಡಗಿದರು.

ಅದೇ ವಾರ ಮುಂಬಯಿಯಿಂದ ಆ ಚಿತ್ರ ಬಂತು. ಯಾವುದೋ ಪರದೇಶದ ಹೊಳೆಯ ದಂಡೆ. ಒಬ್ಬ ಅಂಬಿಗ, ಒಬ್ಬ ಶಾಲೆಯ ಮಾಸ್ತರ. ಅವರಿಬ್ಬರ ನಡುವೆ ಪ್ರೀತಿ. ಊರು ಅವರನ್ನು ಹಿಡಿದು ಕೋರ್ಟಿಗೆ ಎಳೆಯುತ್ತದೆ.

ಅಂದಾನಪ್ಪನವರು ಬೆವರಿದರು. “ದತ್ತೂ, ಅವರಿಬ್ರೂ ಅಣ್ಣತಮ್ಮ ಅಂತ ಹೇಳು. ಹೊಲದ ಜಗಳ ಅಂತ ಮುಗಿಸಿಬಿಡು. ಮೊದಲ ನಿಮ್ಮ ಸುದ್ದಿ ಊರ ತುಂಬ ಆಗೇತಿ.”

ಮೊದಲ ದಿನ ದತ್ತೋಪಂತ ಹಾಗೆಯೇ ಹೇಳಿದ. ಆಟ ಮುಗಿದ ಮೇಲೆ ಫಕೀರಪ್ಪ ಅವನ ಮುಖ ನೋಡಲಿಲ್ಲ.

“ನಾಳೀನೂ ಅಣ್ಣತಮ್ಮ ಅಂದಿ ಅಂದ್ರ ನಾ ಗದಗಿನ ಗಾಡಿ ಹತ್ತತೀನಿ. ತಿರುಗಿ ಬರೂದಿಲ್ಲ. ಪರದೇ ಮ್ಯಾಲರ ನಮ್ಮನ್ನ ಇರಾಕ ಬಿಡು, ದತ್ತಾ.”

ಮರುದಿನವೆಲ್ಲ ದತ್ತೋಪಂತ ನನ್ನನ್ನು ಒರೆಸಿದ್ದೇ ಒರೆಸಿದ್ದು.

ಸಂಜೆ ಟೆಂಟು ಕಿಕ್ಕಿರಿದಿತ್ತು. ಕೋರ್ಟಿನ ದೃಶ್ಯ ಬಂತು. ಮಾಸ್ತರನತ್ತ ಕೈತೋರಿಸಿ ನ್ಯಾಯಾಧೀಶ ಅಂಬಿಗನನ್ನು ಕೇಳಿದ. “ಇಂವ ನಿನಗ ಏನಾಗಬೇಕು?” ಎಂದು ದತ್ತೋಪಂತ ಓದಿದ. ಅಂಬಿಗನ ತುಟಿ ಅಲುಗಿತು, ಅವನ ಉತ್ತರದ ಬರಹ ಮೂಡಿತು. ಹಾರ್ಮೋನಿಯಂ ನಿಂತುಹೋಯಿತು. ದತ್ತೋಪಂತನ ಹಲ್ಲುಗಳು ನನ್ನ ಅಂಚಿಗೆ ಕಟಕಟ ಬಡಿಯುತ್ತಿದ್ದವು.

“ಇಂವ ನನ್ನಾಂವ,” ಎಂದ. “ಇವನ್ನ ಬಿಟ್ರ ನನಗ ಯಾರೂ ಇಲ್ಲ.”

ಮುಂದಿನ ಕುರ್ಚಿಯಿಂದ ವಕೀಲರೊಬ್ಬರು ಎದ್ದರು. “ಅಲ್ಲಿ ಹಂಗ ಬರದಿಲ್ಲ. ‘ಈ ಮನಿಷ್ಯಾನ್ನ ನಾ ಕಂಡೇ ಇಲ್ಲ’ ಅಂತ ಬರದೈತಿ. ಅಂಬಿಗ ‘ಅಲ್ಲ’ ಅಂದಾನ. ಮತ್ತ ಹೌದು ಅಂದಾಂವ ಯಾರು?”

ಇಷ್ಟು ವರ್ಷ ಅವನು ಬರಹಗಳನ್ನು ಮನಬಂದಂತೆ ತಿರುಚಿದ್ದ, ಯಾರೂ ಕೇಳಿರಲಿಲ್ಲ. ಓದಬಲ್ಲವರಿಗೆ ಬಾಯಿ ಬಂದದ್ದು ಅವತ್ತೇ. ಬಾಗಿಲಲ್ಲಿದ್ದ ಅಂದಾನಪ್ಪನವರು, ಓದಿದ್ದು ತಪ್ಪಾಯಿತೆಂದು ಹೇಳು ಎಂದು ಕೈಸನ್ನೆ ಮಾಡಿದರು. ನನಗೂ ಜೀವ ಬಾಯಿಗೆ ಬಂದಿತ್ತು. ತಪ್ಪಾಯಿತು ಅನ್ನಪ್ಪಾ, ಅಷ್ಟೇ ಸಾಕು ಎಂದು ನಾನೂ ಬೇಡಿಕೊಂಡೆ.

ದತ್ತೋಪಂತ ನನ್ನನ್ನು ಬೆಂಚಿನ ಮೇಲಿಟ್ಟ.

“ಹೌದು ಅಂದಾಂವ ನಾನ ರೀ.”

ಮೊದಲ ಕಲ್ಲು ಪರದೆಯನ್ನು ಹರಿದುಹಾಕಿತು, ಎರಡನೆಯದು ನನಗೆ ಬಡಿಯಿತು. ಫಕೀರಪ್ಪ ಹಾರ್ಮೋನಿಯಂ ಅಲ್ಲೇ ಬಿಟ್ಟು, ದತ್ತೋಪಂತನ ಕೈ ಹಿಡಿದು ಟೆಂಟಿನ ಹಿಂಬದಿಯಿಂದ ಓಡಿದ. ಅವರಿಗೆ ಗದಗಿನ ಗಾಡಿ ಸಿಕ್ಕಿತೋ ಇಲ್ಲವೋ, ನನಗೆ ತಿಳಿಯಲಿಲ್ಲ.

ಮುಂದೆ ಮಾತಾಡುವ ಚಿತ್ರಗಳು ಬಂದವು, ನಾನು ಯಾರಿಗೂ ಬೇಡವಾದೆ. ಈಗ ಗುಜರಿ ಅಂಗಡಿಯ ಮೂಲೆಯಲ್ಲಿದ್ದೇನೆ. ನಾನಿಲ್ಲದಿದ್ದರೆ ದತ್ತೋಪಂತನ ದನಿ ಮೂರನೆಯ ಸಾಲನ್ನೂ ಮುಟ್ಟದು ಎಂದು ನನಗೆ ಬಲು ಜಂಬವಿತ್ತು. ಅವತ್ತು ಅವನು ಬರಿಯ ಬಾಯಲ್ಲಿ ಆಡಿದ ಮಾತು ಕೊನೆಯ ಸಾಲಿನವರೆಗೂ ಕೇಳಿಸಿತು.