ಹನ್ನೊಂದನೆಯ ಪುಟ

ಕಲಘಟಗಿ ರಸ್ತೆಯ ಕಾಗದದ ಗಿರಣಿಗೆ ೧೯೮೬ರಲ್ಲಿ ಇಪ್ಪತ್ತೈದು ವರ್ಷ ತುಂಬಿತೆಂದು ಅದರ ಚರಿತ್ರೆಯನ್ನು ಅಚ್ಚು ಹಾಕಿಸಿದರು. ಬಿದಿರು ಹೇರಿಕೊಂಡು ಬಂಡಿಗಳು ಬಂದದ್ದು, ಮೊದಲ ಹಾಳೆಯನ್ನು ಜನ ಮುಟ್ಟಿ ಮುಟ್ಟಿಯೇ ಹೊಲಸು ಮಾಡಿದ್ದು, ಬಿದಿರು ಸಿಗದೆ ಭತ್ತದ ಹುಲ್ಲಿಗೆ, ಆಮೇಲೆ ರದ್ದಿ ಕಾಗದಕ್ಕೆ ಇಳಿದದ್ದು, ಎಲ್ಲ ಇತ್ತು ಅದರಲ್ಲಿ. ಹೇಳಿದವನು ಬೀಟರ್ ಮೇಲಿನ ಮಡಿವಾಳೆಪ್ಪ, ಬರೆದವನು ಕಾರಕೂನ ಶಂಕ್ರಪ್ಪ.

ಹನ್ನೊಂದನೆಯ ಪುಟದಲ್ಲಿ ಒಂದು ಸಾಲು: ‘೧೯೭೪ರಲ್ಲಿ ಗುಂಡಿ ತೊಳೆಯಲು ಇಳಿದ ಮೀರಾಸಾಬ ವಿಷಗಾಳಿ ಹತ್ತಿ ತೀರಿಕೊಂಡನು.’

ಆ ಒಂದು ಸಾಲಿಗಾಗಿಯೇ ಮಡಿವಾಳೆಪ್ಪ ಉಳಿದ ನಲವತ್ತು ಪುಟ ಹೇಳಿದ್ದ.

ಬೀಟರ್ ಅಂದರೆ ರದ್ದಿಯನ್ನು ನೀರಿನಲ್ಲಿ ಅರೆಯುವ ದೊಡ್ಡ ತೊಟ್ಟಿ. ಅರೆದು, ಬಿಳಿ ಪುಡಿ ಹಾಕಿ, ಮಸಿ ಬಿಡುವ ತನಕ ತೊಳೆಯಬೇಕು. ಜೊತೆಗಾರ ಮೀರಾಸಾಬ ಅದಕ್ಕೆ ಅಂಬಲಿ ಅನ್ನುತ್ತಿದ್ದ. “ನಿನ್ನ ಹೆಸರ ಮಡಿವಾಳ ಲೇ, ಮಂದಿ ಬರದದ್ದನ್ನ ತೊಳಿಯೂದ ನಿನ್ನ ಹಣೇಬಾರ,” ಎಂದು ನಗುತ್ತಿದ್ದ.

೧೯೭೪ರ ಆ ದಿನ, ಬೀಟರಿನ ಕೊಳೆನೀರು ನಿಲ್ಲುವ ಗುಂಡಿಗಿಳಿಯುವ ಪಾಳಿ ಮಡಿವಾಳೆಪ್ಪನದು. ಮೈಯಲ್ಲಿ ಜ್ವರವಿತ್ತು. “ನೀ ಕುಂದರು, ನಾ ಇಳೀತೀನಿ,” ಎಂದ ಮೀರಾಸಾಬ ಮತ್ತೆ ಮೇಲೆ ಬರಲಿಲ್ಲ. ಮೂರನೆಯ ದಿನ, ಕುಡಿದು ಬಿದ್ದ ಎಂದು ಗಿರಣಿಯವರು ಬರೆದ ಕಾಗದಕ್ಕೆ ಮಡಿವಾಳೆಪ್ಪ ಸಹಿ ಮಾಡಿದ. ಸೆರೆಯ ಹನಿಯನ್ನೂ ಬಾಯಿಗೆ ಮುಟ್ಟಿಸದ ಮನುಷ್ಯನ ಮೇಲೆ! ಸಹಿಯಿಂದ ಇವನ ಕೆಲಸ ಉಳಿಯಿತು. ಮೀರಾಸಾಬನ ಹೆಂಡತಿ ಫಾತಿಮಾಬಿ ಅದೇ ಗಿರಣಿಯಲ್ಲಿ ರದ್ದಿ ಆರಿಸಲು ಕುಳಿತು, ಹನ್ನೆರಡು ವರ್ಷ ಕುಡುಕನ ಹೆಂಡತಿ ಎನಿಸಿಕೊಂಡಳು.

ಪುಸ್ತಕ ಬಂದ ದಿನ, ತೋರಿಸಿ ತರುತ್ತೇನೆಂದು ಶಂಕ್ರಪ್ಪನಿಂದ ಒಂದನ್ನು ಇಸಿದುಕೊಂಡು ಅವಳ ಹತ್ತಿರ ಓಡಿದ. ಅವಳ ಎಡಕ್ಕೆ ಖಾಲಿ ಕಾಗದದ ಬುಟ್ಟಿ, ಬಲಕ್ಕೆ, ಪುಡಿ ಹಾಕಿ ತೊಳೆಯಬೇಕಾದ, ಬರೆದ ಕಾಗದದ ಬುಟ್ಟಿ.

“ಭಾಬಿ, ಇಲ್ಲಿ ನೋಡ್ರಿ, ಮೀರಾನ ಹೆಸರ!”

“ಕುಡದಿದ್ದಾ ಅಂತ ಬರದಾರೇನಣ್ಣಾ?”

“ಇಲ್ಲರಿ. ಗಾಳಿ ಹತ್ತಿ ಸತ್ತಾ ಅಂತ ಐತಿ.”

ಅವಳು ಸಾಲಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ತೆಗೆಯಲಿಲ್ಲ. “ಹಂಚೂ ದಿನಾ ನನಗೊಂದ ಕೊಡಸು. ಮೊಮ್ಮಗಳ ಕಡೆ ಓದಸ್ತೀನಿ, ಓಣಿ ಮಂದಿ ಎಲ್ಲಾ ಕೇಳಲಿ.”

ಹಂಚುವ ದಿನ ಬರಲೇ ಇಲ್ಲ. ಅದೇ ಸಂಜೆ ಮ್ಯಾನೇಜರ್ ಸಾಹೇಬರು ಹನ್ನೊಂದನೆಯ ಪುಟ ಓದಿದರು. ಮರುದಿನ ಐದುನೂರು ಪುಸ್ತಕ ಕೈಗಾಡಿಯಲ್ಲಿ ಬೀಟರ್ ಮುಂದೆ ಬಂದು ನಿಂತವು. ಹಿಂದೆ ಶಂಕ್ರಪ್ಪ, ಮುಖ ಬಾಡಿತ್ತು.

“ಎಲ್ಲಾ ಅರಿಬೇಕಂತೋ. ಒಂದೂ ಉಳಿಬಾರದು, ನಾ ನಿಂತು ನೋಡಬೇಕಂತ. ಆ ಸಾಲ ಬಿಟ್ಟು ಹೊಸಾದು ಮಾಡಸ್ತಾರ.”

“ನನ್ನ ಕೈಲೇ?”

“ನಿನ್ನ ಕೈಲೇ ಅಂದ್ರು.”

ಮಡಿವಾಳೆಪ್ಪ ಒಂದೊಂದೇ ಕಟ್ಟು ಬಿಚ್ಚಿ ಹಾಕಿದ. ಪುಸ್ತಕ ಉಬ್ಬಿ, ಹರಿದು, ಅಂಬಲಿಯಾಯಿತು. ನೀರು ಕಪ್ಪಾಯಿತು. ಅವನು ಕೈಕಟ್ಟಿ ನಿಂತ.

“ಪುಡಿ ಹಾಕೋ,” ಎಂದ ಶಂಕ್ರಪ್ಪ.

“ಇಲ್ಲ.”

“ಚೀಲ ಬಾಜೂಕ ಐತಲ್ಲೋ ಮಾರಾಯಾ!”

“ಇರಲಿ. ಇದನ್ನ ನಾ ತೊಳಿಯಂಗಿಲ್ಲ.”

ಸಂಜೆಗೆ ಕಾಗದ ಹೊರಬಂತು, ತಣ್ಣಗಾದ ಒಲೆಯ ಬೂದಿಯ ಹಾಗೆ. ಸಾಹೇಬರು ಕೂಗಾಡಿ, ನಾಳೆಯಿಂದ ಬರಬೇಡ ಎಂದರು. ಮಡಿವಾಳೆಪ್ಪ ಮೊಳದಷ್ಟು ಕಾಗದ ಹರಿದುಕೊಂಡು ಫಾತಿಮಾಬಿಯ ಹತ್ತಿರ ಹೋದ.

“ಏನಿದು?”

“ಪುಸ್ತಕ, ಭಾಬಿ. ಎಲ್ಲಾ ಅರಿಸಿದ್ರು. ಮಸಿ ಮಾತ್ರ ನಾ ತೊಳೀಲಿಲ್ಲ.”

ಅವಳು ಎರಡೂ ಮಗ್ಗಲು ತಿರುವಿ ನೋಡಿದಳು. “ಹೆಸರ ಎಲ್ಲೈತಿ?”

ಮಡಿವಾಳೆಪ್ಪ ಅವಳ ಬುಟ್ಟಿಗಳ ಮುಂದೆ ಕುಕ್ಕರಿಸಿದ. “ಕುಡದಿದ್ದಾ ಅಂತ ಬರದ ಕಾಗದಕ್ಕ ಸಹಿ ಮಾಡಿದಾಂವ ನಾನು,” ಎಂದ.

“ಗೊತ್ತೈತಿ. ಹನ್ನೆರಡ ವರ್ಷ ನನ್ನ ಮಾರಿ ನೋಡಿ ಮಾತಾಡಿದಾಂವಲ್ಲ ನೀನು. ನಿನ್ನೆ ಒಂದ ದಿನಾ ನೋಡಿದಿ.”

ಅವಳು ಆ ಕಾಗದವನ್ನು ಬೆರಳಿನಿಂದ ತಿಕ್ಕಿದಳು. ಎಡಗಡೆಯ ಬುಟ್ಟಿಯ ಕಡೆ ಹೋದ ಕೈ ನಡುವೆ ನಿಂತಿತು. ಬಲಗಡೆಯ ಬುಟ್ಟಿಗೆ, ಬರೆದ ಕಾಗದಗಳ ಮೇಲೆ, ಅದನ್ನು ಹಾಕಿದಳು.

“ನಾಳೆ ಬೀಟರ್ ಮ್ಯಾಲೆ ಯಾರ ಇರ್ತಾರ?”

“ಯಾರರ ಇರ್ತಾರ್ರಿ.”

“ಅವರು ತೊಳೀತಾರ,” ಎಂದು ಅವಳು ಮುಂದಿನ ಕಾಗದ ಎತ್ತಿಕೊಂಡಳು.