ಅತ್ತೆಯ ವಿಭೂತಿಗೆ ನಾಲ್ಕು ತೊಟ್ಟು ನಿಂಬೆರಸ

ಅರವತ್ತೊಂದನೇ ಇಸವಿಯ ಬೇಸಿಗೆಯಲ್ಲಿ ಜಯನಗರದ ಕಮಲಾದೇವಿಗೆ ರಸಾಯನಶಾಸ್ತ್ರದ ಹುಚ್ಚು ಹಿಡಿಯಿತು. ಹಿಡಿಸಿದವಳು ಪಕ್ಕದ ಮನೆ ಪಂಕಜಾ. ಅವಳ ಗಂಡ ಲೈಬ್ರರಿಯಿಂದ ತಂದು, ಎರಡು ಪುಟ ಓದಿ, ದಿಂಬಿನ ಪಕ್ಕ ಮರೆತಿದ್ದ ವಿಜ್ಞಾನದ ಪುಸ್ತಕವನ್ನು ಇಬ್ಬರೂ ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಹಿತ್ತಿಲ ಕಟ್ಟೆಯಲ್ಲಿ ಕೂತು ಓದುವರು. ಒಂದು ಪುಟ ಓದು, ನಾಲ್ಕು ಪುಟದಷ್ಟು ವಾದ.

ಆ ದಿನದ ಪುಟದಲ್ಲಿ ಹೀಗಿತ್ತು: ಸೀಮೆಸುಣ್ಣದ ಮೇಲೆ ಹುಳಿ ಬಿದ್ದರೆ ಬುರುಬುರು ನೊರೆ ಬರುತ್ತದೆ. ಸರಿ, ನಿಂಬೆಹಣ್ಣು ಹಿಡಿದು ಮನೆಯನ್ನೆಲ್ಲ ಜಾಲಾಡಿದರು. ಉಪ್ಪು ಸುಮ್ಮನಿತ್ತು. ಮೈದಾ ಸುಮ್ಮನಿತ್ತು. ಗೋಡೆಯ ಸುಣ್ಣ ನೊರೆ ಕಾರಿತು. ಕೊನೆಗೆ ಕಮಲಾದೇವಿ, ಅತ್ತೆ ಗಿರಿಜಾದೇವಿ ಕೈಯಾರೆ ಮಾಡಿದ ವಿಭೂತಿ ಗಟ್ಟಿಯ ಒಂದು ಚೂರನ್ನು ದೇವರ ಗೂಡಿನಿಂದ ತಂದಳು. ನಾಲ್ಕು ತೊಟ್ಟು ಬಿದ್ದದ್ದೇ ತಡ, ಬುರುಬುರು!

"ಸೀಮೆಸುಣ್ಣ ಕಣ್ರೀ!" ಎಂದಳು ಪಂಕಜಾ, ಬಾಯಿಗೆ ಸೆರಗು ಅಡ್ಡ ಹಿಡಿದು.

ಕಮಲಾದೇವಿಗೆ ಹಬ್ಬವೋ ಹಬ್ಬ. "ಅಂಗಡಿ ವಿಭೂತಿ ಅಂದ್ರೆ ಬರೀ ಸೀಮೆಸುಣ್ಣ, ನಂದು ಅಪ್ಪಟ ಸಗಣಿ ಬೂದಿ" ಎಂದು ಅತ್ತೆ ಹೇಳುವುದನ್ನು ಹನ್ನೆರಡು ವರ್ಷ ಕೇಳಿ ಅವಳ ಕಿವಿ ತೂತು ಬಿದ್ದಿತ್ತು. ನೆಂಟರೆಲ್ಲ ಆ ಗಟ್ಟಿಯನ್ನು ಕಣ್ಣಿಗೊತ್ತಿಕೊಂಡು ಒಯ್ಯುತ್ತಿದ್ದರು ಬೇರೆ. ಸಂಜೆ ಕಾಫಿ ಕೊಡುವಾಗ ನಾಲಿಗೆ ತಡೆಯಲಿಲ್ಲ, ನಡೆದದ್ದನ್ನು ಹೇಳಿಯೇಬಿಟ್ಟಳು. ಅತ್ತೆ ಜಗಳಕ್ಕೆ ಬರಲಿಲ್ಲ. ಕಾಫಿ ಅರ್ಧಕ್ಕೇ ಬಿಟ್ಟು ಒಳಗೆ ಹೋದರು.

ಮರುದಿನ ಬೆಳಿಗ್ಗೆ ಅವರ ಹಣೆ ಖಾಲಿ. ಟೈಫಾಯಿಡ್ ಬಂದು ಮಲಗಿದ್ದಾಗಲೂ ಮೂರು ಬೆರಳ ಪಟ್ಟೆ ತಪ್ಪದ ಹಣೆ! ಕಮಲಾದೇವಿ ಗೆಲ್ಲಬೇಕೆಂದಿದ್ದಳು ನಿಜ, ಆದರೆ ಹೀಗಲ್ಲ.

ಸಾರಕ್ಕಿಯಿಂದ ಬೆರಣಿ ಮಾರಲು ಬಂದ ಅಕ್ಕಯಮ್ಮನ ಹತ್ತಿರ ಎರಡು ಬೆರಣಿ ಕೊಂಡು, ಹಿತ್ತಿಲಲ್ಲಿ ಸುಟ್ಟು, ಬೂದಿ ಆರಿದ ಮೇಲೆ ನಿಂಬೆ ಹಿಂಡಿದಳು. ಸಣ್ಣಗೆ ನೊರೆ ಬಂತು! ಬಚ್ಚಲೊಲೆಯ ಬೂದಿಗೂ ಹಿಂಡಿದಳು. ಅದಕ್ಕೂ ಬಂತು. ಪುಸ್ತಕ ತೆರೆದು ಆ ಸಾಲನ್ನು ಮತ್ತೆ ಓದಿದಳು. ಸೀಮೆಸುಣ್ಣಕ್ಕೆ ನೊರೆ ಬರುತ್ತದೆ ಅಂತಿತ್ತೇ ಹೊರತು, ನೊರೆ ಬಂದದ್ದೆಲ್ಲ ಸೀಮೆಸುಣ್ಣ ಅಂತ ಎಲ್ಲೂ ಇರಲಿಲ್ಲ.

"ಆದ್ರೂ ನಿಮ್ಮತ್ತೇದಕ್ಕೆ ಇನ್ನೂ ಜೋರಾಗಿ ಬಂತಲ್ರೀ?" ಎಂದಳು, ಹೊಗೆ ಕಂಡು ಬಂದಿದ್ದ ಪಂಕಜಾ.

"ಸುಮ್ನೆ ಮನೆಗೆ ಹೋಗ್ರೀ" ಎಂದು ಅವಳನ್ನು ಸಾಗಹಾಕಿ, ಬೂದಿ ತಟ್ಟೆ ಹಿಡಿದು ಅತ್ತೆಯ ಮುಂದೆ ನಿಂತಳು.

"ತಪ್ಪಾಯ್ತು ಅತ್ತೆ. ಬರೀ ಬೂದಿಗೂ ನೊರೆ ಬರುತ್ತೆ. ಪುಸ್ತಕ ಸರಿಯಾಗೇ ಇದೆ, ಓದಿದವಳಿಗೆ ಬುದ್ಧಿ ಇರ್ಲಿಲ್ಲ. ವಿಭೂತಿ ಹಚ್ಕೊಳ್ಳಿ."

ಗಿರಿಜಾದೇವಿ ತಟ್ಟೆ ನೋಡಿದರು, ಸೊಸೆಯ ಮಸಿ ಹಿಡಿದ ಕೈ ನೋಡಿದರು. ಎದ್ದು ಹೋಗಿ ಹಿತ್ತಿಲ ಬಾಗಿಲು ಮುಚ್ಚಿ ಬಂದರು.

"ಪಂಕಜಾ ಹೋದ್ಲಾ?"

"ಹೋದ್ರು."

"ಒಂದು ಹಿಡಿ ಹಾಕ್ತೀನಿ ಕಣೇ, ಸೀಮೆಸುಣ್ಣ. ಇಲ್ದಿದ್ರೆ ಗಟ್ಟಿ ನಿಲ್ಲಲ್ಲ, ಪುಡಿ ಆಗೋಗುತ್ತೆ. ನಮ್ಮತ್ತೇನೂ ಹಾಕ್ತಿದ್ರು."

ಅತ್ತೆಯ ಕಣ್ಣು ತುಂಬಿತ್ತು, ತುಟಿ ಮಾತ್ರ ನಗು ತಡೆಯಲು ಒದ್ದಾಡುತ್ತಿತ್ತು.

"ಈ ಸಲ ಹಾಕ್ದೇ ಮಾಡೋಣ, ನೀನೂ ಕೂತ್ಕೋ. ಪುಡಿ ಆಗ್ದಿರೋ ಹಾಗೆ ಬೇರೆ ಏನು ಹಾಕ್ಬೋದು ಅಂತ ಆ ಪುಸ್ತಕದಲ್ಲಿ ನೋಡು. ನಂಗೂ ಕೇಳ್ಸೋ ಹಾಗೆ ಓದು. ಪಂಕಜಾಗೆ ಮಾತ್ರ ಕೇಳಿಸ್ಬಾರ್ದು."