ಎಳ್ಳಮಾಸಿಯ ದೊಡ್ಡ ಬಾಗಿಲು

ಮೊದಲೇ ಹೇಳಿಬಿಡುತ್ತೇನೆ, ಜಗಳ ಶುರು ಮಾಡಿದ್ದು ನಾನಲ್ಲ, ನಮ್ಮ ಅತ್ತೆ ಯಶೋದಾಬಾಯಿ. ಬೇಕಾದರೆ ಹುಮನಾಬಾದಿಗೆ ಬಂದು ನಮ್ಮ ಓಣಿಯಲ್ಲಿ ಯಾರನ್ನಾದರೂ ಕೇಳಿ. ಎಲ್ಲರೂ ಅತ್ತೆಯ ಹೆಸರನ್ನೇ ಹೇಳುತ್ತಾರೆ. ನನ್ನ ಎದುರಿಗೆ ನನ್ನ ಹೆಸರು ಹೇಳುವ ಧೈರ್ಯ ಅಲ್ಲಿ ಯಾರಿಗೂ ಇಲ್ಲ, ಆ ಮಾತು ಬೇರೆ.

ಜಗಳಕ್ಕೆ ಕಾರಣ ಒಂದು ಪೆಟ್ಟಿಗೆ. ಅದನ್ನು ಕಳಿಸಿದವಳು ಬಸವಕಲ್ಯಾಣದ ತಹಸೀನ್. ನನ್ನ ತವರೂ ಕಲ್ಯಾಣವೇ. ನಾವಿಬ್ಬರೂ ಹತ್ತನೇ ತರಗತಿಯವರೆಗೆ ಒಂದೇ ಬೆಂಚಿನಲ್ಲಿ ಕೂತು, ಒಂದೇ ಡಬ್ಬಿಯಲ್ಲಿ ಉಂಡವರು. ಅವಳ ಗಂಡ ಕುವೈತಿನಿಂದ ರಜೆಗೆ ಬಂದಾಗ ಮಗನಿಗೆಂದು ಆ ಪೆಟ್ಟಿಗೆ ತಂದಿದ್ದನಂತೆ. ಒಳಗೆ ಇದ್ದದ್ದು ಬೆರಳ ತುದಿಯಷ್ಟು ಚಿಕ್ಕ, ಒಂದಕ್ಕೊಂದು ಜೋಡಿಸುವ ಪ್ಲಾಸ್ಟಿಕ್ ತುಂಡುಗಳು. ಮಗನಿಗೆ ಇನ್ನೂ ಒಂದೂವರೆ ವರ್ಷ, ಕೈಗೆ ಸಿಕ್ಕಿದ್ದೆಲ್ಲ ಬಾಯಿಗೇ. ಅಪ್ಪ ಆದವನಿಗೆ ಅಷ್ಟೂ ತಿಳಿಯಬೇಡವೇ! ಕೊನೆಗೆ ತಹಸೀನ್ ಅದನ್ನು ಮೂರನೇ ತರಗತಿಯ ನನ್ನ ಮಗಳು ಪೂನಂಗೆ ಇರಲಿ ಎಂದು, ಮೋಟರ್ ರಿಪೇರಿಗೆ ಕಲ್ಯಾಣಕ್ಕೆ ಹೋಗಿದ್ದ ನನ್ನ ಗಂಡ ಓಂಪ್ರಕಾಶನ ಕೈಯಲ್ಲಿ ಕಳಿಸಿದಳು.

ಪೆಟ್ಟಿಗೆಯ ಮೇಲೆ ಇಂಗ್ಲಿಷಿನಲ್ಲಿ ಕ್ಯಾಲೆಂಡರ್ ಎಂದು ಬರೆದಿತ್ತು. ಪೂನಂ ಅದನ್ನು ಗಟ್ಟಿಯಾಗಿ ಓದಿದಳು. ಅತ್ತೆಗೆ ಅಷ್ಟು ಸಾಕಾಯಿತು. ಪೆಟ್ಟಿಗೆಗೆ ಸುತಳಿ ಕಟ್ಟಿ, ಅಡುಗೆಮನೆಯ ಗೋಡೆಯಲ್ಲಿ ನಮ್ಮ ತಿಥಿ-ವಾರದ ಕ್ಯಾಲೆಂಡರ್ ಇದ್ದ ಮೊಳೆಗೇ ನೇತುಹಾಕಿ, ಕನ್ನಡಕ ಏರಿಸಿ ನಿಂತರು.

"ಏ ಮೀರಾ, ಇದರಾಗ ಒಂದರ ಬಾಜೂಕ ಹದಿನೇಳು ಅದ! ಕುವೈತದಾಗ ತಾರೀಖು ಹಿಂಗ ಬರ್ತಾವೇನ? ಅಮಾಸಿ ಎಲ್ಲಿ ಬರದಾರ?"

"ಅತ್ತೀ, ಅದು ನೋಡೋ ಕ್ಯಾಲೆಂಡರ್ ಅಲ್ರಿ, ಆಡೋದು. ದಿನಾ ಆ ತಾರೀಖಿನ ಬಾಗಲಾ ತೆಗೀಬೇಕು, ಒಳಗಿನ ತುಂಡು ಜೋಡಿಸಬೇಕು. ಕ್ರಿಸ್‌ಮಸ್ ಬರೋ ತನಕ, ಇಪ್ಪತ್ನಾಕು ದಿನ. ಕೊನೀಗಿ ಒಂದು ಹಿಮದ ಊರು ಆಗತದ."

ಅತ್ತೆ ನನ್ನ ಮಾತು ಕೇಳುತ್ತಿರಲಿಲ್ಲ. ಅವರ ಬೆರಳು ಪೆಟ್ಟಿಗೆಯ ನಡುವೆ ನಿಂತಿತ್ತು. ಉಳಿದ ಬಾಗಿಲುಗಳೆಲ್ಲ ಬೆಂಕಿಪೆಟ್ಟಿಗೆಯಷ್ಟು. ಇಪ್ಪತ್ನಾಲ್ಕರದು ಮಾತ್ರ ಎರಡರಷ್ಟು ದೊಡ್ಡದು. ಅತ್ತೆ ಪೆಟ್ಟಿಗೆಯನ್ನು ಸರಿಸಿ ಹಿಂದಿನ ಕ್ಯಾಲೆಂಡರ್ ನೋಡಿದರು. ಅಲ್ಲಿ ಡಿಸೆಂಬರ್ ಇಪ್ಪತ್ನಾಲ್ಕಕ್ಕೆ ಕಪ್ಪು ಚುಕ್ಕೆ ಇತ್ತು. ಎಳ್ಳಮಾವಾಸ್ಯೆ.

"ನೋಡ್ದೇನ! ಕುವೈತದ ಮಂದಿಗಿ ಗೊತ್ತದ. ಎಳ್ಳಮಾಸಿ ಬಾಗಲಾ ದೊಡ್ಡದು ಮಾಡ್ಯಾರ! ಇಲ್ಲೇ ಇದ್ದ ನಿಮಗ ಮರ್ತು ಹೋಗ್ಯದ."

ಈ ಮಾತು ನನಗೇ ಅಂದದ್ದು. ಯಾಕೆಂದರೆ ಆ ವರ್ಷದ ಇಪ್ಪತ್ನಾಲ್ಕಕ್ಕೆ ನಾನು ಬೇರೆ ಲೆಕ್ಕ ಹಾಕಿದ್ದೆ. ಹಬ್ಬದ ಸೂಟಿ, ಮರುದಿನ ಕ್ರಿಸ್‌ಮಸ್ ಸೂಟಿ. ಪೂನಂಳನ್ನು ಕಟ್ಟಿಕೊಂಡು ಕಲ್ಯಾಣಕ್ಕೆ ಹೋಗಿ ತಹಸೀನ್ ಮನೆಯಲ್ಲಿ ಇದ್ದು ಬರುವುದು. ಹುಮನಾಬಾದಿನಿಂದ ಕಲ್ಯಾಣ ಎಂದರೆ ಎಷ್ಟು ದೂರ? ಬಸ್ ಹತ್ತಿ ಒಂದು ನಿದ್ದೆ ತೆಗೆಯುವುದರೊಳಗೆ ಊರು ಬಂದಿರುತ್ತದೆ. ಆದರೂ ಅವಳನ್ನು ನೋಡಿ ಎರಡು ವರ್ಷವಾಗಿತ್ತು. ಒಮ್ಮೆ ಅತ್ತೆಯ ಮೊಣಕಾಲು, ಒಮ್ಮೆ ಪೂನಂಳ ಜ್ವರ, ಒಮ್ಮೆ ಯಾರದೋ ಮದುವೆ. ಅವಳ ಮಗನನ್ನು ಮೊಬೈಲಿನಲ್ಲಿ ನೋಡಿದ್ದೇ ಹೊರತು ಒಮ್ಮೆಯೂ ಎತ್ತಿಕೊಂಡಿರಲಿಲ್ಲ.

ಅತ್ತೆಗೋ ಎಳ್ಳಮಾವಾಸ್ಯೆ ಎಂದರೆ ಘಾಟಬೋರಾಳದ ನಮ್ಮ ಹೊಲ. ಐದು ಕಲ್ಲಿಗೆ ಸುಣ್ಣ ಹಚ್ಚಿ ಪಾಂಡವರೆಂದು ಪೂಜೆ ಮಾಡಬೇಕು, ಜೋಳದ ದಂಟಿನ ಕೊಂಪೆಯಲ್ಲಿ ಕೂತು ಉಣ್ಣಬೇಕು. ಉಣ್ಣುವವರು ಊರೆಲ್ಲ. ಸಜ್ಜೆ ರೊಟ್ಟಿ ಬಡಿಯುವವಳು ನಾನು. ಭಜ್ಜಿ ಎಂಬ ಹಸಿ ಕಾಳಿನ ಪಲ್ಯಕ್ಕೆ ತೊಗರಿ, ಅವರೆ, ಬಟಾಣಿ ಸುಲಿದು ಸುಲಿದು ಉಗುರು ಕಿತ್ತು ಬರುವುದೂ ನನಗೇ.

"ಈ ವರ್ಷ ನಾ ಹೊಲಕ್ಕ ಬರಂಗಿಲ್ರಿ," ಎಂದೆ.

"ಹೊಲದ ಮನಿ ಸೊಸಿ ಎಳ್ಳಮಾಸಿಗಿ ಹೊಲಾ ಬಿಟ್ಟು ಊರೂರು ತಿರಗತಾಳಂತ!" ಎಂದರು ಅತ್ತೆ.

ಓಂಪ್ರಕಾಶ ಸುಟ್ಟ ಮೋಟರ್‌ಗೆ ಹೆದರುವುದಿಲ್ಲ, ನಮ್ಮಿಬ್ಬರಿಗೆ ಹೆದರುತ್ತಾನೆ. ಒಂದು ಕಾಲನ್ನು ಚಪ್ಪಲಿಯಲ್ಲಿ ತೂರಿಸಿಯೇ ತೀರ್ಪು ಹೇಳಿದ. "ಜಗಳಾಡಬ್ಯಾಡ್ರಿ. ಇಪ್ಪತ್ನಾಕರ ಬಾಗಲದಾಗ ಏನ್ ಬರತದೋ ಬರಲಿ. ಅದು ಹೊಲಕ್ಕ ಹೊಂದತದೋ, ಕಲ್ಯಾಣಕ್ಕ ಹೊಂದತದೋ ಪೂನಂ ಹೇಳ್ತಾಳ. ಎಲ್ಲರೂ ಅಲ್ಲಿಗೇ ಹೋಗೋಣು." ಇಷ್ಟು ಹೇಳಿ ಇನ್ನೊಂದು ಕಾಲಿನ ಚಪ್ಪಲಿಯನ್ನು ಬೀದಿಯಲ್ಲಿ ಹಾಕಿಕೊಂಡು ತನ್ನ ಮೋಟರ್ ರಿಪೇರಿ ಅಂಗಡಿಗೆ ಓಡಿದ.

ಅಲ್ಲಿಂದ ಶುರುವಾಯಿತು ನೋಡಿ. ಪೂನಂ ದಿನಾ ಶಾಲೆಗೆ ಹೋಗುವ ಮೊದಲು ಬಾಗಿಲು ತೆಗೆಯುವಳು. ಅದೂ ಅತ್ತೆ ರಾಹುಕಾಲ ನೋಡಿ ಹೂಂ ಎಂದ ಮೇಲೆ. ಬಾಗಿಲೊಳಗಿನ ಚೀಟಿಯಲ್ಲಿದ್ದ ಚಿತ್ರ ನೋಡಿ ತುಂಡು ಜೋಡಿಸಿ, ಪಡಸಾಲೆಯ ಹಳೆಯ ಕೇರಂ ಬೋರ್ಡಿನ ಮೇಲೆ ಇಟ್ಟು ಹೋಗುವಳು. ಅವಳ ಬೆನ್ನು ತಿರುಗಿದ ಮೇಲೆ ನಮ್ಮಿಬ್ಬರ ಆಟ. ಬೋರ್ಡಿನ ಆ ಮೂಲೆ ಅತ್ತೆಯ ಹೊಲ, ಈ ಮೂಲೆ ನನ್ನ ಕಲ್ಯಾಣ.

ಮೊದಲು ಕವಲುಗೊಂಬಿನ ಜಿಂಕೆ ಬಂತು. "ನಮ್ಮ ಎತ್ತು," ಎಂದು ಅತ್ತೆ ಅದನ್ನು ಬೋರ್ಡಿನ ಆ ಮೂಲೆಯಲ್ಲಿ ಹೂಡಿದರು. ಅವರು ಸ್ನಾನಕ್ಕೆ ಹೋದಾಗ ನಾನು ಅದನ್ನು ಈ ಮೂಲೆಗೆ ತಂದೆ. ಕಲ್ಯಾಣದ ಬಸ್ ಸ್ಟ್ಯಾಂಡಿನಲ್ಲಿ ಬಾಳೆಹಣ್ಣಿನ ಗಾಡಿಗೆ ಬಾಯಿ ಹಾಕುವ ಬಿಡಾಡಿ ಹೋರಿ ಅದು. ಹಿಮದ ಮೇಲೆ ಜಾರುವ ಗಾಡಿ ಬಂತು. ಅತ್ತೆಗೆ ಅದು ಹೊಲ ಹರಗುವ ಕುಂಟೆ, ನನಗೆ ಬಸ್ ಸ್ಟ್ಯಾಂಡಿನ ಬೆಂಚು. ದೀಪದ ಕಂಬ ಅವರಿಗೆ ಬೋರ್‌ವೆಲ್ಲಿನ ಕರೆಂಟ್ ಕಂಬ. ನೀಲಿ ತಟ್ಟೆಯಂಥದ್ದು ಅವರ ಬಾವಿ, ನನ್ನ ಕಲ್ಯಾಣದ ತ್ರಿಪುರಾಂತ ಕೆರೆ. ಹಿಮದ ಮನುಷ್ಯನನ್ನು ನೋಡಿ ಅತ್ತೆ, "ಬೆದರುಗೊಂಬಿ, ಆದ್ರ ಭಾಳ ಉಂಡದ," ಎಂದರು. ನಾನು ಅವನನ್ನು ಬಸ್ ಸ್ಟ್ಯಾಂಡಿನ ಕಂಟ್ರೋಲರ್ ಮಾಡಿದೆ. ಬೆಳಿಗ್ಗೆ ಹೊಲವಾಗಿದ್ದ ಬೋರ್ಡು ಮಧ್ಯಾಹ್ನ ಕಲ್ಯಾಣವಾಗುತ್ತಿತ್ತು, ಚಹಾದ ಹೊತ್ತಿಗೆ ಮತ್ತೆ ಹೊಲ. ಸಂಜೆ ಮನೆಗೆ ಬಂದ ಪೂನಂ, "ನನ್ನ ಊರು ಎಲ್ಲಿ ಹೋಯ್ತು?" ಎಂದು ದಿನಾ ಕೇಳುತ್ತಿದ್ದಳು.

ಒಂದು ದಿನ ಕೆಂಪು ಮಫ್ಲರ್ ಸುತ್ತಿದ ಹೆಣ್ಣು ಗೊಂಬೆ ಬಂತು. ನಾನು ಬೂದು ತುಂಡುಗಳಿಂದ ಕಲ್ಯಾಣದ ಕೋಟೆ ಕಟ್ಟಿದ್ದೆ. ಅವಳನ್ನು ಬುರುಜಿನ ಮೇಲೆ ನಿಲ್ಲಿಸಿದೆ. ನನ್ನ ದಾರಿ ಕಾಯುತ್ತಿರುವ ತಹಸೀನ್. ಅಡುಗೆಮನೆಗೆ ಹೋಗಿ ಬರುವುದರೊಳಗೆ ಅವಳು ಅತ್ತೆ ತಮ್ಮ ಹೊಲದಲ್ಲಿ ಕಟ್ಟಿದ್ದ ಕೊಂಪೆಯೊಳಗೆ ಕೂತಿದ್ದಳು.

"ಅಲ್ರಿ, ಇಕಿ ಯಾರ್ರಿ ನಿಮ್ಮ ಹೊಲದಾಗ?"

"ಬರಾಕಿ. ಊಟಕ್ಕ ಬರಾಕಿ," ಎಂದರು ಅತ್ತೆ, ತಲೆ ಎತ್ತದೆ.

"ಯಾರೂ ಬರಂಗಿಲ್ಲ!" ಎಂದು ಅವಳನ್ನು ಕಿತ್ತು ಮತ್ತೆ ಬುರುಜಿನ ಮೇಲೆ ಇಟ್ಟೆ. ಮರುದಿನ ಮತ್ತೆ ಕೊಂಪೆಯಲ್ಲಿ. ಉಳಿದ ತುಂಡುಗಳಲ್ಲಿ ಒಮ್ಮೊಮ್ಮೆ ನಾನು ಸೋತೆ, ಒಮ್ಮೊಮ್ಮೆ ಅವರು. ಆ ಗೊಂಬೆಯ ವಿಷಯದಲ್ಲಿ ಮಾತ್ರ ಇಬ್ಬರೂ ಒಂದು ದಿನವೂ ಬಿಡಲಿಲ್ಲ.

ಸಿಟ್ಟಿಗೆ ತಹಸೀನ್‌ಗೆ ಫೋನ್ ಮಾಡಿ ಎಲ್ಲವನ್ನೂ ಕಾರಿಕೊಂಡೆ. ಅವಳು ಬಿದ್ದು ಬಿದ್ದು ನಕ್ಕಳು.

"ನಗಬ್ಯಾಡ. ಇಪ್ಪತ್ನಾಕಕ್ಕ ನಾ ಬರಾಕಿನೇ."

"ಇಪ್ಪತ್ನಾಕಕ್ಕ ಭೇಟಿ ಆಗೇ ಆಗೋಣು, ಇನ್‌ಶಾ ಅಲ್ಲಾ. ಫಿಕರ್ ಮಾಡಬ್ಯಾಡ. ಅದಿರಲಿ, ನಿಮ್ಮ ಕಡಿ ಹಸಿ ತೊಗರಿಕಾಯಿ ಬಂದಾವೇನು?"

ನನ್ನ ಜೀವ ಇಲ್ಲಿ ಹೋಗುತ್ತಿದೆ, ಇವಳಿಗೆ ತೊಗರಿಕಾಯಿ! ಫೋನ್ ಇಟ್ಟುಬಿಟ್ಟೆ.

ಆದರೂ ಒಂದು ವಿಚಿತ್ರ ಆಯಿತು. ಒಂದು ಮಧ್ಯಾಹ್ನ ಅತ್ತೆಯ ಹೊಲ ನೋಡುತ್ತೇನೆ, ಬದುವೇ ಇಲ್ಲ. ಬದು ಇಲ್ಲದ ಹೊಲದಲ್ಲಿ ಮಳೆ ನೀರು ನಿಂತೀತೇ? ನೋಡಿ ತಡೆಯಲಾಗಲಿಲ್ಲ. ಅವರು ನಿದ್ದೆ ಮಾಡುವಾಗ ಕಂದು ತುಂಡುಗಳನ್ನು ಸುತ್ತಲೂ ಜೋಡಿಸಿ ಬದು ಹಾಕಿದೆ. ಅತ್ತೆ ಎದ್ದು ನೋಡಿದರು. ಮರುದಿನ ನನ್ನ ಕೋಟೆಗೆ ಮೆಟ್ಟಿಲು ಬಂದಿತ್ತು.

"ಮೆಟ್ಟಲಾ ಇಲ್ದ ನಿನ್ನ ಗೆಳತಿ ಬುರುಜು ಹ್ಯಾಂಗ ಹತ್ತಬೇಕು? ಹಾರಿ ಬರ್ತಾಳೇನ?" ಎಂದರು.

ನನಗೆ ನಗು ಬಂತು. ನಕ್ಕದ್ದನ್ನು ಅವರು ನೋಡಿಬಿಟ್ಟರು ಎಂದು ಇನ್ನಷ್ಟು ಸಿಟ್ಟು ಬಂತು.

ಹಬ್ಬ ಹತ್ತಿರ ಬಂದಂತೆ ಅತ್ತೆ ನನ್ನನ್ನು ಕೇಳದೆ ತಾವೇ ಸಜ್ಜೆ ರೊಟ್ಟಿ ಬಡಿಯಲು ಕೂತರು. ಮೊಣಕಾಲು ನೋವಿಗೆ ಹಾಂ, ಹೂಂ ಎನ್ನುತ್ತ ಎಳ್ಳು ಹಚ್ಚಿ, ಬುಟ್ಟಿಯಲ್ಲಿ ಪೇರಿಸಿದರು. ನಾನೂ ಬಿಡಲಿಲ್ಲ, ಬಟ್ಟೆ ಬ್ಯಾಗು ತುಂಬಿ ಆ ಬುಟ್ಟಿಯ ಪಕ್ಕಕ್ಕೇ ಇಟ್ಟೆ. ಬುಟ್ಟಿ, ಬ್ಯಾಗು ಎರಡೂ ನಮ್ಮ ಹಾಗೆಯೇ ಒಂದರ ಮುಖ ಒಂದು ನೋಡುತ್ತ ಕೂತಿದ್ದವು. ಆದರೆ ಮುದುಕಿ ಒಬ್ಬಳೇ ಕಾಳು ಸುಲಿಯುವುದನ್ನು ನೋಡುತ್ತ ನಿಲ್ಲುವುದಾದರೂ ಹೇಗೆ? ಬೈಯುತ್ತಲೇ ಎದುರಿಗೆ ಕೂತು ನಾನೂ ಸುಲಿದೆ.

ಇಪ್ಪತ್ನಾಲ್ಕರ ಬೆಳಿಗ್ಗೆ ಪೂನಂ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು ದೊಡ್ಡ ಬಾಗಿಲು ತೆಗೆದಳು. ನಾನು ಅವಳ ಹೆಗಲ ಮೇಲಿಂದ ಬಗ್ಗಿ ನೋಡಿದೆ. ನಗಬೇಡಿ, ಪ್ಲಾಸ್ಟಿಕ್ ತುಂಡೇ ಇರಬಹುದು, ನನ್ನ ಎರಡು ವರ್ಷ ಅದರೊಳಗಿತ್ತು.

ಕೆಂಪು ಅಂಗಿ, ಬಿಳಿ ಗಡ್ಡ, ಬೆನ್ನ ಮೇಲೆ ಚೀಲ ಹೊತ್ತ ಮುದುಕ ಹೊರಬಂದ.

"ಬಿತ್ತೋ ಬೀಜದ ಚೀಲಾ! ಹೊಲಕ್ಕ ಹೊಂಟಾನ!" ಎಂದರು ಅತ್ತೆ.

"ಬಸ್ಸಿನಿಂದ ಇಳದಾನ್ರಿ, ಸಾಮಾನು ಸಮೇತ! ಕಲ್ಯಾಣ!" ಎಂದೆ ನಾನು.

ಓಂಪ್ರಕಾಶ ಪೇಪರಿನ ಹಿಂದೆ ಅಡಗಿದ. ಪೂನಂ ಮುದುಕನನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಇಂವ ಹೊಲದಾಂವನೂ ಅಲ್ಲ, ಕೋಟ್ಯಾಂವನೂ ಅಲ್ಲ. ಚೀಲಾ ತಗೊಂಡು ಬಂದಾನ ಅಂದ್ರ ನಮ್ಮ ಮನೀಗಿ ಬಂದಾನ. ಮೊದಲ ಅವಗ ಚಹಾ ಕೊಡ್ರಿ!"

ಇದೆಂಥ ತೀರ್ಪು ಎಂದು ನಾನು ಬಾಯಿ ತೆರೆಯುವುದಕ್ಕೂ ಬಾಗಿಲ ಮುಂದೆ ಆಟೋ ನಿಲ್ಲುವುದಕ್ಕೂ ಸರಿಹೋಯಿತು. ಕೆಂಪು ಶಾಲು ಹೊದ್ದು, ಕಂಕುಳಲ್ಲಿ ಮಗನನ್ನು ಇಟ್ಟುಕೊಂಡು, ಕೈಯಲ್ಲಿ ದೊಡ್ಡ ಚೀಲ ಹಿಡಿದು ತಹಸೀನ್ ಇಳಿದಳು.

"ಅರೆ, ಇನ್ನೂ ಹೊಂಟಿಲ್ಲೇನ್ರಿ? ಅಮ್ಮಾ, ಜಲ್ದಿ ಬಾ ಅಂದಿದ್ರಲ್ರಿ! ಭಜ್ಜಿ ಆಸೇಕ ನಾ ನಸುಕಿನ ಬಸ್ ಹಿಡದು ಬಂದೀನಿ."

ಅವಳು ಅಮ್ಮಾ ಎಂದದ್ದು ನಮ್ಮ ಅತ್ತೆಯನ್ನು. ನಾನು ಕಂಬ ಹಿಡಿದು ನಿಂತೆ.

"ಯಾಕ ಮೀರಾ, ಹಿಂಗ ನೋಡಾಕತ್ತಿ? ಅಮ್ಮ ನಿನಗ ಹೇಳಿಲ್ಲೇನು? ಆ ಪೆಟಗಿ ನಿಮ್ಮ ಮನೀಗಿ ಬಂದ ದಿನಾನೇ ಫೋನ್ ಮಾಡಿ ಹೊಲಕ್ಕ ಕರದಾರ. ಮೀರಾಗ ನಾನೇ ಹೇಳ್ತೀನಿ, ನೀ ಸುಮ್ಮನಿರು ಅಂದ್ರು."

ನಾನು ಅತ್ತೆಯ ಕಡೆ ತಿರುಗಿದೆ. ಅತ್ತೆ ಒಂದಿಷ್ಟೂ ಅಳುಕಲಿಲ್ಲ.

"ದಿನಾ ಹೇಳೀನಿ. ಕೆಂಪು ಮಫ್ಲರ್‌ನಾಕಿನ್ನ ಕೊಂಪ್ಯಾಗ ನೆಳ್ಳಿಗಿ ಕೂಡಸಿ, ಊಟಕ್ಕ ಬರಾಕಿ ಅಂತ ಬಾಯಿಬಿಟ್ಟು ಹೇಳೀನಿ. ನೀನೇ ಆಕಿನ್ನ ಎಬ್ಬಿಸಿ ಬಿಸಲಾಗ ಕೋಟಿ ಮ್ಯಾಲ ನಿಲ್ಲಸ್ತಿದ್ದಿ!"

"ಹೆಸರು ಹಿಡದು ಹೇಳಾಕ ಏನಾಗಿತ್ರಿ ನಿಮಗ?"

ಅತ್ತೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಅವರ ದನಿ ಸಣ್ಣದಾಯಿತು. "ಹೇಳಿದ್ರ ಆಟ ಮುಗೀತಿತ್ತು. ನೀ ರೊಟ್ಟಿ ಬಡದು, ಮೊಬೈಲ್ ತಗೊಂಡು ಒಳಗ ಹೋಗ್ತಿದ್ದಿ. ಈ ತಿಂಗಳ ದಿನಾ ನನ್ನ ಎದುರಿಗಿ ಕುಂತಿ. ಬೈದಿ, ನಕ್ಕಿ, ನನ್ನ ಹೊಲಕ್ಕ ಬದು ಹಾಕ್ದಿ. ನನಗ ಭಾಳ ಛಲೋ ಅನಸ್ತು, ಮೀರಾ."

ಈ ಮುದುಕಿಯನ್ನು ಏನು ಮಾಡಬೇಕು, ನೀವೇ ಹೇಳಿ. ಬೈಯಬೇಕೆಂದು ಬಾಯಿ ತೆರೆದೆ, ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಪೂನಂ ಕಿರುಚಿದಳು. ತಹಸೀನ್ ಮಗನನ್ನು ಕೆಳಗೆ ಬಿಟ್ಟಿದ್ದಳು, ಅವನು ನೆಟ್ಟಗೆ ಬೋರ್ಡಿಗೆ ಹೋಗಿ ಕೆಂಪು ಮುದುಕನನ್ನು ಚೀಲ ಸಮೇತ ಬಾಯಿಗೆ ಇಟ್ಟುಕೊಂಡಿದ್ದ!

ನಾನೇ ಮೊದಲು ಹಾರಿದೆ. ಅವನನ್ನು ಬಾಚಿ ಎತ್ತಿಕೊಂಡು, ಬಾಯಿಗೆ ಬೆರಳು ಹಾಕಿ ಮುದುಕನನ್ನು ಹೊರಗೆ ತೆಗೆದೆ. ಹುಡುಗ ಅಳಲಿಲ್ಲ. ಆಟಿಕೆ ಕಸಿದುಕೊಂಡ ನನ್ನ ಮುಖ ನೋಡಿ, ಅದರ ಬದಲು ನನ್ನ ತಾಳಿಯನ್ನು ಬಾಯಿಗೆ ಇಟ್ಟುಕೊಂಡ. ಮೊಬೈಲಿನಲ್ಲಿ ಇಷ್ಟು ಭಾರ ಇದ್ದಾನೆಂದು ಗೊತ್ತಾಗಿರಲಿಲ್ಲ. ತಹಸೀನ್ ಕೈ ಚಾಚಿದಳು, ನಾನು ಕೊಡಲಿಲ್ಲ.

ಘಾಟಬೋರಾಳದ ಹೊಲ ಮುಟ್ಟುವವರೆಗೂ ಕೊಡಲಿಲ್ಲ. ಅಲ್ಲಿ ಪೂಜೆ ಆಯಿತು. ಪೂನಂ ಸುಣ್ಣ ಹಚ್ಚಿದ ಐದು ಪಾಂಡವರ ಸಾಲಿನ ಕೊನೆಗೆ ಕೆಂಪು ಮುದುಕನನ್ನು ನಿಲ್ಲಿಸಿದಳು. ಅತ್ತೆ ತಕರಾರು ಮಾಡದೆ ಅವನಿಗೂ ಒಂದು ತುತ್ತು ಭಜ್ಜಿ ಇಟ್ಟರು. ಓಂಪ್ರಕಾಶನಿಗೆ ನೀರು ತರುವ, ಬಡಿಸುವ, ಎಲ್ಲರ ತಾಟು ತೊಳೆಯುವ ಕೆಲಸ ಹಚ್ಚಿದೆ. ತೀರ್ಪು ಹೇಳಿದವನು ಅಷ್ಟಾದರೂ ಮಾಡಬೇಕಲ್ಲವೇ!

"ನಿನ್ನ ಬ್ಯಾಗು ಬಿಚ್ಚಬ್ಯಾಡ," ಎಂದರು ಅತ್ತೆ, ರೊಟ್ಟಿ ಮುರಿಯುತ್ತ. "ನಾಳಿ ನಾನೂ ಕಲ್ಯಾಣಕ್ಕ ಬರ್ತೀನಿ. ನೀ ಕಟ್ಟಿದ ಕೋಟಿ ಖರೇನೇ ಹಂಗ ಅದೇನು ನೋಡಬೇಕು. ನನಗೇನೋ ಬುರುಜು ತಪ್ಪಿದಂಗ ಕಾಣಸ್ತದ."

"ನೀವು ಹಾಕಿದ ಮೆಟ್ಟಲಾನೇ ತಪ್ಪ್ಯಾವ್ರಿ," ಎಂದೆ.

ಅವರು ಪಕ್ಕದ ಹೊಲದವರನ್ನು ಊಟಕ್ಕೆ ಕರೆಯಲು ಆ ಕಡೆ ತಿರುಗಿದರು. ಆಗ ನಾನು ತಹಸೀನ್ ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಕೇಳಿದೆ. "ಏ, ನಿನ್ನ ಗಂಡಗ ಹೇಳು. ಮುಂದಿನ ವರ್ಷ ಇದಕ್ಕಿಂತ ಜಾಸ್ತಿ ಬಾಗಲಾ ಇರೋದು ಸಿಗತದೇನು ನೋಡಂತ."